ಕೂಸು ಹುಟ್ಟುವ ಮುಂಚೆ ಕ್ಯೂ: ಕಿಚನರ್–ವಾಟರ್ಲೂನಲ್ಲಿ ಡೇಕೇರ್ ಸೀಟಿನ ಲೆಕ್ಕಾಚಾರ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ನಮ್ಮೂರಲ್ಲಿ ಆತುರಗಾರರನ್ನು ಆಡಿಕೊಳ್ಳುತ್ತಾರೆ. ಒಂಟಾರಿಯೊದಲ್ಲಿ ಡೇಕೇರ್ ಹುಡುಕುವವರಿಗೆ ಈ ಗಾದೆ ಗೇಲಿಯಲ್ಲ, ಬುದ್ಧಿಮಾತು. ಕುಲಾವಿ ತಡವಾದರೂ ನಡೆಯುತ್ತದೆ, ಕ್ಯೂನಲ್ಲಿ ಹೆಸರು ತಡವಾಗಬಾರದು.

ಕಿಚನರ್–ವಾಟರ್ಲೂ ಕಡೆ ನೆಲೆಸಿರುವ ನಮ್ಮವರು ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ. ಮಾರ್ಟ್‌ಗೇಜ್, ಆರ್‌ಆರ್‌ಎಸ್‌ಪಿ, ಕಾರಿನ ಲೀಸ್ ಎಲ್ಲಕ್ಕೂ ಸ್ಪ್ರೆಡ್‌ಶೀಟ್ ಇರುತ್ತದೆ. ಡೇಕೇರ್‌ಗೆ ಮಾತ್ರ "ರಜೆ ಮುಗಿಯುವಾಗ ನೋಡೋಣ" ಎನ್ನುವವರು ಬಹಳ. ಆ ಹೊತ್ತಿಗೆ ಸೀಟು ಇಲ್ಲದಿದ್ದರೆ ಎರಡು ಸಂಬಳದ ಮನೆ ಒಂದೇ ಸಂಬಳಕ್ಕೆ ಇಳಿಯುತ್ತದೆ. ಮಾರ್ಟ್‌ಗೇಜ್ ಕಂತು ಮಾತ್ರ ಎರಡು ಸಂಬಳದ ಲೆಕ್ಕದ್ದೇ ಆಗಿರುತ್ತದೆ.

ಇಂದಿನ ಬರಹದ ಸಾರಾಂಶ ಇಷ್ಟೇ: ಇಲ್ಲಿ ಶಿಶುವಿನ ಡೇಕೇರ್ ಫೀಸಿನ ಪ್ರಶ್ನೆಯಲ್ಲ, ತಾರೀಖಿನ ಪ್ರಶ್ನೆ. ಸೀಟು ಯಾವಾಗ ಸಿಗುತ್ತದೋ ಗೊತ್ತಿಲ್ಲದಿರುವಾಗ ಕೈ ಕಟ್ಟಿಹಾಕದಂತಹ ರಜೆಯ ಯೋಜನೆ ಬೇಕು.

ಬೆಲೆ ಇಳಿಯಿತು, ಕ್ಯೂ ಬೆಳೆಯಿತು

2022ರ ಮಾರ್ಚ್‌ನಲ್ಲಿ ಒಂಟಾರಿಯೊ ಕೇಂದ್ರ ಸರ್ಕಾರದೊಂದಿಗೆ ಡೇಕೇರ್ ಒಪ್ಪಂದಕ್ಕೆ ಸಹಿ ಹಾಕಿತು. ಫೀಸು ಹಂತಹಂತವಾಗಿ ಇಳಿದು, 2025ರ ಜನವರಿಯಿಂದ ಯೋಜನೆಗೆ ಸೇರಿದ ಕೇಂದ್ರಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಗರಿಷ್ಠ 22 ಡಾಲರ್ ಆಗಿದೆ. ತಿಂಗಳಿಗೆ ಐನೂರು ಡಾಲರ್‌ಗಿಂತ ಕಡಿಮೆ. ಆದಾಯ ಎಷ್ಟೇ ಇರಲಿ, ಮಿತಿ ಎಲ್ಲರಿಗೂ ಒಂದೇ. ಹೀಗಾಗಿ ಮೊದಲು ದುಬಾರಿ ಎಂದು ದೂರ ಇದ್ದವರೂ ಈಗ ಸಾಲಿನಲ್ಲಿ ನಿಂತಿದ್ದಾರೆ.

ಸೀಟು ಅಷ್ಟೇ ವೇಗದಲ್ಲಿ ಏಕೆ ಹೆಚ್ಚುವುದಿಲ್ಲ? ಒಂಟಾರಿಯೊ ನಿಯಮದ ಪ್ರಕಾರ 18 ತಿಂಗಳೊಳಗಿನ ಶಿಶುಗಳ ಒಂದು ಗುಂಪಿನಲ್ಲಿ ಹತ್ತು ಮಕ್ಕಳಿಗಿಂತ ಹೆಚ್ಚು ಇರುವಂತಿಲ್ಲ, ಆ ಹತ್ತು ಮಕ್ಕಳಿಗೆ ಮೂವರು ಸಿಬ್ಬಂದಿ ಬೇಕು. ಲೆಕ್ಕ ಹಾಕಿ ನೋಡಿ. ಹತ್ತು ಮಕ್ಕಳು, ದಿನಕ್ಕೆ 22 ಡಾಲರ್, ವರ್ಷಕ್ಕೆ 260 ದಿನ: ಪೋಷಕರಿಂದ ಬರುವುದು 57,200 ಡಾಲರ್. ಮೂವರಿಗೆ ಬರೀ ಕನಿಷ್ಠ ವೇತನ, ಅಂದರೆ 2025ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಗಂಟೆಗೆ 17.60 ಡಾಲರ್ ಕೊಟ್ಟರೂ ವರ್ಷಕ್ಕೆ ಸುಮಾರು 1.10 ಲಕ್ಷ ಡಾಲರ್. ಬಾಡಿಗೆ, ಊಟ, ವಿಮೆ ಬೇರೆ. ಉಳಿದದ್ದು ಸರ್ಕಾರದ ಅನುದಾನದಿಂದ ಬರಬೇಕು. 18 ತಿಂಗಳು ದಾಟಿದ ಮಕ್ಕಳಿಗಾದರೆ ಐವರಿಗೆ ಒಬ್ಬ ಸಿಬ್ಬಂದಿ ಸಾಕು, ಗುಂಪು 15ರವರೆಗೆ ಇರಬಹುದು. ಆದ್ದರಿಂದಲೇ ಅತಿ ವಿರಳವಾದ ಸೀಟು ಶಿಶುಗಳದ್ದು.

ಕ್ಯೂ ಹೇಗೆ ಚಲಿಸುತ್ತದೆ

ವಾಟರ್ಲೂ ರೀಜನ್‌ನಲ್ಲಿ ಲೈಸೆನ್ಸ್ ಇರುವ ಕೇಂದ್ರಗಳಿಗೆ ಅರ್ಜಿ ಹಾಕಲು ಒನ್‌ಲಿಸ್ಟ್ ಎಂಬ ಆನ್‌ಲೈನ್ ವ್ಯವಸ್ಥೆ ಇದೆ. ಒಂದೇ ಅರ್ಜಿಯಲ್ಲಿ ಹಲವು ಕೇಂದ್ರಗಳನ್ನು ಆರಿಸಬಹುದು. ಹೆರಿಗೆಯ ಅಂದಾಜು ದಿನಾಂಕ ತಿಳಿದ ಕೂಡಲೇ ಈ ಕೆಲಸ ಮುಗಿಸಿ.

ಕಾನೂನು ಕೊಟ್ಟಿರುವ ಮೂರು ಅನುಕೂಲ ನೆನಪಿರಲಿ. ವೇಟ್‌ಲಿಸ್ಟ್‌ಗೆ ಸೇರಿಸಲು ಯಾವ ಕೇಂದ್ರವೂ ಶುಲ್ಕ ಅಥವಾ ಡೆಪಾಸಿಟ್ ಕೇಳುವಂತಿಲ್ಲ, 2016ರ ಸೆಪ್ಟೆಂಬರ್‌ನಿಂದ ಇದು ನಿಷಿದ್ಧ. ಪ್ರತಿ ಕೇಂದ್ರವೂ ಯಾರಿಗೆ ಮೊದಲು ಸೀಟು ಎಂಬ ನೀತಿಯನ್ನು ಬರಹದಲ್ಲಿ ಇಟ್ಟಿರಬೇಕು. ನಿಮ್ಮ ಮಗು ಎಷ್ಟನೆಯ ಸ್ಥಾನದಲ್ಲಿದೆ ಎಂದು ಕೇಳಿ ತಿಳಿಯುವ ಹಕ್ಕೂ ನಿಮಗಿದೆ. ಸಾಮಾನ್ಯವಾಗಿ ಈಗಾಗಲೇ ಅಲ್ಲಿರುವ ಮಕ್ಕಳ ತಮ್ಮ–ತಂಗಿಯರಿಗೆ, ಸಿಬ್ಬಂದಿಯ ಮಕ್ಕಳಿಗೆ ಆದ್ಯತೆ ಇರುತ್ತದೆ. ನೀತಿ ಓದಿದರೆ ಎಲ್ಲಿ ನಿಜವಾದ ಅವಕಾಶ ಇದೆ ಎಂಬ ಅಂದಾಜು ಸಿಗುತ್ತದೆ.

ಇನ್ನೊಂದು ಗುಟ್ಟು ಸೆಪ್ಟೆಂಬರ್. ಆ ವರ್ಷ ಡಿಸೆಂಬರ್ ಒಳಗೆ ನಾಲ್ಕು ತುಂಬುವ ಮಕ್ಕಳು ಸೆಪ್ಟೆಂಬರ್‌ನಲ್ಲಿ ಜೂನಿಯರ್ ಕಿಂಡರ್‌ಗಾರ್ಟನ್ ಸೇರುತ್ತಾರೆ. ಆಗ ದೊಡ್ಡವರ ಕೋಣೆಯಲ್ಲಿ ಜಾಗವಾಗಿ, ಕೆಳಗಿನವರು ಮೆಟ್ಟಿಲು ಹತ್ತಿ, ಕೊನೆಗೆ ಶಿಶುಗಳ ಕೋಣೆಯಲ್ಲೂ ಸೀಟು ಖಾಲಿಯಾಗುತ್ತದೆ. ಮಗುವಿಗೆ ನವೆಂಬರ್‌ನಲ್ಲಿ ವರ್ಷ ತುಂಬುತ್ತದೆಯೇ? ಸೆಪ್ಟೆಂಬರ್‌ನಲ್ಲೇ ಸೀಟು ಸಿಕ್ಕರೆ ಒಪ್ಪಿಕೊಳ್ಳುತ್ತೀರೋ ಇಲ್ಲವೋ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಕರೆ ಬಂದಾಗ ಯೋಚಿಸಲು ಸಿಗುವ ಸಮಯ ಕಡಿಮೆ.

ಇಐ: 12 ತಿಂಗಳೋ, 18 ತಿಂಗಳೋ?

ನಿಜವಾದ ಹಣಕಾಸು ನಿರ್ಧಾರ ಇಲ್ಲಿದೆ. ತಾಯಿಗೆ 15 ವಾರಗಳ ಹೆರಿಗೆ ಭತ್ಯೆ ಮುಗಿದ ಮೇಲೆ ಇಐ ಪೋಷಕ ಭತ್ಯೆಯಲ್ಲಿ ಎರಡು ದಾರಿಗಳಿವೆ. ಸ್ಟ್ಯಾಂಡರ್ಡ್‌ನಲ್ಲಿ ಸಂಬಳದ ಶೇ. 55, ಒಬ್ಬರಿಗೆ ಗರಿಷ್ಠ 35 ವಾರ. ಎಕ್ಸ್‌ಟೆಂಡೆಡ್‌ನಲ್ಲಿ ಶೇ. 33, ಒಬ್ಬರಿಗೆ ಗರಿಷ್ಠ 61 ವಾರ. 2025ರ ಗರಿಷ್ಠ ಮಿತಿ ವಾರಕ್ಕೆ ಕ್ರಮವಾಗಿ 695 ಮತ್ತು 417 ಡಾಲರ್. ಮಿತಿ ಪ್ರತಿ ವರ್ಷ ಬದಲಾದರೂ ಲೆಕ್ಕದ ರೀತಿ ಅದೇ.

ಒಟ್ಟು ಮೊತ್ತ ನೋಡಿ: 35 ವಾರಕ್ಕೆ 24,325 ಡಾಲರ್, 61 ವಾರಕ್ಕೆ 25,437. ವ್ಯತ್ಯಾಸ 1,112 ಡಾಲರ್ ಮಾತ್ರ. ಎಕ್ಸ್‌ಟೆಂಡೆಡ್ ಎಂದರೆ ಹೆಚ್ಚು ಹಣ ಅಲ್ಲ, ಹೆಚ್ಚುಕಡಿಮೆ ಅಷ್ಟೇ ಹಣವನ್ನು ತೆಳ್ಳಗೆ ಹರಡುವುದು.

ಈಗ ಎರಡು ಸನ್ನಿವೇಶ. ನೀವು ಎಕ್ಸ್‌ಟೆಂಡೆಡ್ ಆರಿಸಿದಿರಿ, ಆದರೆ ಹನ್ನೆರಡನೇ ತಿಂಗಳಿಗೇ ಸೀಟು ಸಿಕ್ಕಿ ಕೆಲಸಕ್ಕೆ ಮರಳಿದಿರಿ. ಆ 35 ವಾರಗಳಲ್ಲಿ ವಾರಕ್ಕೆ 278 ಡಾಲರ್ ಕಡಿಮೆ ಪಡೆದಿರುತ್ತೀರಿ, ಒಟ್ಟು 9,730. ಉಳಿದ ವಾರಗಳನ್ನು ಸಂಗಾತಿ ಬಳಸಬಹುದು, ಆದರೆ ಮಗು ಡೇಕೇರ್‌ನಲ್ಲಿರುವಾಗ ಅದರ ಉಪಯೋಗ ಅಷ್ಟಕ್ಕಷ್ಟೇ. ಮೊದಲ ಪೋಷಕ ಭತ್ಯೆ ಕೈಸೇರಿದ ಮೇಲೆ ಆಯ್ಕೆ ಬದಲಿಸಲೂ ಆಗದು.

ತಿರುವುಮುರುವು ನೋಡಿ. ಸ್ಟ್ಯಾಂಡರ್ಡ್ ಆರಿಸಿದಿರಿ, ಸೀಟು ಸಿಗಲಿಲ್ಲ. ಒಂಟಾರಿಯೊ ಕಾರ್ಮಿಕ ಕಾನೂನಿನಲ್ಲಿ ಹೆರಿಗೆ ರಜೆ 17 ವಾರ, ಅದರ ಮೇಲೆ ಪೋಷಕ ರಜೆ 61 ವಾರ. ಇಐಯಲ್ಲಿ ಯಾವುದನ್ನು ಆರಿಸಿದರೂ ಈ ಕೆಲಸದ ರಕ್ಷಣೆ ಹೋಗುವುದಿಲ್ಲ. ವರ್ಷದ ನಂತರದ ತಿಂಗಳುಗಳಿಗೆ ಭತ್ಯೆ ಇರುವುದಿಲ್ಲ, ಆದರೆ ಮೊದಲೇ ಉಳಿಸಿಟ್ಟಿದ್ದರೆ ನಷ್ಟ 1,112 ಡಾಲರ್ ಮಾತ್ರ.

ಒಂದು ಕಡೆ ತಪ್ಪಿದರೆ 9,730, ಇನ್ನೊಂದು ಕಡೆ ತಪ್ಪಿದರೆ 1,112. ಸೀಟಿನ ತಾರೀಖು ಅನಿಶ್ಚಿತವಾಗಿದ್ದರೆ ಸ್ಟ್ಯಾಂಡರ್ಡ್ ಆರಿಸಿ, ವಾರಕ್ಕೆ 278 ಡಾಲರ್ ತೆಗೆದು ಟಿಎಫ್‌ಎಸ್‌ಎ ಒಳಗಿನ ಉಳಿತಾಯ ಖಾತೆಗೆ ಹಾಕಿ. ಷೇರಿಗೆ ಬೇಡ, ವರ್ಷದೊಳಗೆ ಬೇಕಾಗುವ ಹಣ ಅದು. ಹದಿನೆಂಟು ತಿಂಗಳು ಮನೆಯಲ್ಲಿರುವುದು ಖಚಿತವೆಂದಾದರೆ, ಕೈಗೆ ಬಂದದ್ದು ಉಳಿಯುವುದಿಲ್ಲವೆಂದಾದರೆ ಎಕ್ಸ್‌ಟೆಂಡೆಡ್ ಸರಿ. ಕಂಪನಿ ಟಾಪ್‌ಅಪ್ ಕೊಡುತ್ತಿದ್ದರೆ ಅದರ ಷರತ್ತನ್ನು ಮೊದಲು ಓದಿ.

ಕೆಲಸಕ್ಕೆ ಮರಳುವ ತಾರೀಖನ್ನು ಹಿಂದೆ ಮುಂದೆ ಮಾಡಲು ನಾಲ್ಕು ವಾರ ಮೊದಲು ಬರಹದಲ್ಲಿ ತಿಳಿಸಬೇಕು. ಬ್ಯಾಂಕ್, ಟೆಲಿಕಾಂ ಉದ್ಯೋಗಿಗಳಿಗೆ ಕೇಂದ್ರದ ಕಾನೂನು ಅನ್ವಯ, ಅಂಥವರು ಎಚ್‌ಆರ್ ಬಳಿ ವಿಚಾರಿಸಿ.

ನಡುವಿನ ಆರು ತಿಂಗಳು

ಮೊದಲನೆಯ ದಾರಿ ಅಜ್ಜ–ಅಜ್ಜಿ. ಬಾಣಂತನಕ್ಕೆಂದು ಅಮ್ಮನನ್ನು ಹೆರಿಗೆಗೇ ಕರೆಸುವುದು ನಮ್ಮ ಪದ್ಧತಿ. ಹಣದ ಲೆಕ್ಕದಲ್ಲಿ ಮಾತ್ರ 12ರಿಂದ 18ನೇ ತಿಂಗಳ ಭೇಟಿ ಹೆಚ್ಚು ಬೆಲೆಯುಳ್ಳದ್ದು. ಸೂಪರ್ ವೀಸಾದಲ್ಲಿ ಒಂದು ಭೇಟಿಗೆ ಐದು ವರ್ಷದವರೆಗೆ ಇರಬಹುದು, ಆದರೆ ಕನಿಷ್ಠ ಒಂದು ಲಕ್ಷ ಡಾಲರ್ ರಕ್ಷಣೆಯ ಆರೋಗ್ಯ ವಿಮೆ ಕಡ್ಡಾಯ. ಎರಡು ಮನೆಯ ಹಿರಿಯರು ಸರದಿಯಲ್ಲಿ ಬಂದರೆ ಇನ್ನೂ ಒಳ್ಳೆಯದು. ಆದರೆ ಅರವತ್ತು ದಾಟಿದವರಿಗೆ ಜನವರಿಯ ಹಿಮದಲ್ಲಿ ದಿನವಿಡೀ ಒಂದು ವರ್ಷದ ಮಗುವಿನ ಹಿಂದೆ ಓಡುವುದು ಸುಲಭವಲ್ಲ. ಬಿಟ್ಟಿ ಡೇಕೇರ್ ಎಂದು ಎಣಿಸದೆ, ಅವರ ಮಂಡಿಯನ್ನೂ ಮನಸ್ಸನ್ನೂ ಕೇಳಿ ನಿರ್ಧರಿಸಿ.

ಎರಡನೆಯದು ಲೈಸೆನ್ಸ್ ಇರುವ ಏಜೆನ್ಸಿಯಡಿ ನಡೆಯುವ ಮನೆ ಡೇಕೇರ್. ಗರಿಷ್ಠ ಆರು ಮಕ್ಕಳು, ಅದರಲ್ಲಿ ಎರಡು ವರ್ಷದೊಳಗಿನವರು ಮೂವರು. ಯೋಜನೆಗೆ ಸೇರಿದ್ದರೆ ಇಲ್ಲೂ 22 ಡಾಲರ್ ಮಿತಿ. ದೊಡ್ಡ ಕೇಂದ್ರಗಳನ್ನೇ ಹುಡುಕುತ್ತ ಇದನ್ನು ಮರೆಯುವವರು ಹೆಚ್ಚು.

ಮೂರನೆಯದು ಲೈಸೆನ್ಸ್ ಇಲ್ಲದ ಮನೆ. ಐದು ಮಕ್ಕಳವರೆಗೆ ಇದು ಕಾನೂನುಬದ್ಧವೇ, ಆದರೆ ತಮಗೆ ಲೈಸೆನ್ಸ್ ಇಲ್ಲವೆಂದು ಅವರು ನಿಮಗೆ ಬರಹದಲ್ಲಿ ತಿಳಿಸಬೇಕು. ಫೀಸಿಗೆ ಮಿತಿಯಿಲ್ಲ. ದಿನಕ್ಕೆ 70 ಡಾಲರ್ ಎಂದೇ ಇಟ್ಟುಕೊಳ್ಳಿ, ಆರು ತಿಂಗಳ 130 ದಿನಕ್ಕೆ 9,100. ಕೈಗೆ ತಿಂಗಳಿಗೆ 4,000 ಡಾಲರ್ ಬರುವ ಕೆಲಸವಾದರೆ ಅದೇ ಅವಧಿಯ ಸಂಬಳ 24,000. ಹಣವೊಂದನ್ನೇ ನೋಡಿದರೆ ದುಬಾರಿ ಡೇಕೇರ್ ಕೂಡ ಗೆಲ್ಲುತ್ತದೆ. ಆ ಮನೆಯನ್ನು ಹೋಗಿ ನೋಡಿ, ಅಲ್ಲಿರುವ ಮಕ್ಕಳನ್ನು ಎಣಿಸಿ, ಬೇರೆ ಪೋಷಕರ ಜತೆ ಮಾತಾಡಿ. ಮನಸ್ಸು ಒಪ್ಪದಿದ್ದರೆ 15,000 ಡಾಲರ್ ಬಿಟ್ಟು ಮನೆಯಲ್ಲಿರುವುದೂ ತಪ್ಪಲ್ಲ.

ರಸೀದಿ ಬಿಡಬೇಡಿ

ಟಿ778 ಫಾರ್ಮ್‌ನಲ್ಲಿ ಏಳು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 8,000 ಡಾಲರ್‌ವರೆಗೆ ಆದಾಯದಿಂದ ಕಳೆಯಬಹುದು. ಸಾಮಾನ್ಯವಾಗಿ ಕಡಿಮೆ ಆದಾಯದ ಸಂಗಾತಿಯೇ ಇದನ್ನು ಪಡೆಯಬೇಕು. ಮನೆಯಲ್ಲಿ ನೋಡಿಕೊಳ್ಳುವವರ ರಸೀದಿಯಲ್ಲಿ ಅವರ ಸಿನ್ ಸಂಖ್ಯೆ ಬೇಕು, ಆದ್ದರಿಂದ "ನಗದು ಕೊಟ್ಟರೆ ಐದು ಡಾಲರ್ ಕಡಿಮೆ" ಎಂಬ ಮಾತು ಲಾಭವೋ ನಷ್ಟವೋ ಲೆಕ್ಕ ಹಾಕಿ. ಈ ಕಡಿತದಿಂದ ನಿವ್ವಳ ಆದಾಯ ಇಳಿಯುವುದರಿಂದ ಕೆನಡಾ ಚೈಲ್ಡ್ ಬೆನಿಫಿಟ್ ಕೂಡ ಏರಬಹುದು. ವರ್ಕ್ ಪರ್ಮಿಟ್‌ನಲ್ಲಿರುವವರಿಗೂ ಕೆನಡಾದಲ್ಲಿ ಸತತ 18 ತಿಂಗಳು ಕಳೆದು, 19ನೇ ತಿಂಗಳಲ್ಲೂ ಪರ್ಮಿಟ್ ಚಾಲ್ತಿಯಲ್ಲಿದ್ದರೆ ಈ ಬೆನಿಫಿಟ್ ಸಿಗುತ್ತದೆ.

ಮನೆಯಲ್ಲಿ ಹೊಸ ಸುದ್ದಿ ಇದ್ದರೆ ಈ ವಾರಾಂತ್ಯದ ಕೆಲಸ ಇಷ್ಟು: ಒನ್‌ಲಿಸ್ಟ್‌ನಲ್ಲಿ ಮನೆ ಡೇಕೇರ್ ಏಜೆನ್ಸಿಗಳೂ ಸೇರಿದಂತೆ ಅರ್ಜಿ ಹಾಕಿ, ಎರಡು ಕೇಂದ್ರಗಳ ವೇಟ್‌ಲಿಸ್ಟ್ ನೀತಿ ಓದಿ, ಎಚ್‌ಆರ್‌ಗೆ ಟಾಪ್‌ಅಪ್ ಬಗ್ಗೆ ಇಮೇಲ್ ಕಳಿಸಿ. ಒಂದು ಗಂಟೆ ಸಾಕು. ಕುಲಾವಿಯನ್ನು ಅಜ್ಜಿ ಹೊಲಿಸಿ ತರುತ್ತಾರೆ.