ನೋವಿಲ್ಲದ ಕಾಯಿಲೆಯನ್ನು ಹುಡುಕುತ್ತ ಮನೆಬಾಗಿಲಿಗೆ

ಬಹುಪಾಲು ಕಾಯಿಲೆಗಳಲ್ಲಿ ನೋವೋ ಜ್ವರವೋ ರೋಗಿಯನ್ನು ಆಸ್ಪತ್ರೆಯವರೆಗೆ ನಡೆಸಿಕೊಂಡು ಹೋಗುತ್ತದೆ. ಅಧಿಕ ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಅಂಥ ಮುನ್ಸೂಚನೆಯೇ ಇರುವುದಿಲ್ಲವಾದ್ದರಿಂದ, ಎಷ್ಟೋ ಮನೆಗಳಲ್ಲಿ ಅದರ ಇರವು ತಿಳಿಯುವುದು ಲಕ್ವ ಹೊಡೆದ ಮೇಲೆ ಅಥವಾ ಹೃದಯಾಘಾತವಾದ ಮೇಲೆ. ಈ ಕಾಯಿಲೆಯ ಮಟ್ಟಿಗೆ ರೋಗಿ ತಾನಾಗಿ ಬರಲಿ ಎಂದು ಕಾಯುವುದು ತಡವಾಗಲಿ ಎಂದು ಕಾಯುವುದಕ್ಕೆ ಸಮ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಹಾಗೂ ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯು ಮನೆಬಾಗಿಲಿಗೆ ಬಂದು ಮೂವತ್ತು ದಾಟಿದವರ ವಿವರ ಬರೆದುಕೊಂಡು, ಅವರನ್ನು ‘ಬಿಪಿ’ ತಪಾಸಣೆಗೆ ಕರೆದೊಯ್ಯುವ ಕ್ರಮದ ಹಿಂದಿರುವುದು ಈ ತಿಳಿವಳಿಕೆಯೇ. ಈ ಕ್ರಮ ರೂಪುಗೊಳ್ಳಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಅದರ ಮೊದಲ ಎಳೆ ಉಪಕರಣದ್ದು. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸದ ಕಂಬದ ಎತ್ತರದಿಂದ ಒತ್ತಡವನ್ನು ಅಳೆಯುವ ವಿಧಾನವನ್ನು 1896ರಲ್ಲಿ ಇಟಲಿಯ ವೈದ್ಯ ಶಿಪಿಯೋನೆ ರಿವಾ-ರೊಚ್ಚಿ ಪ್ರಕಟಿಸಿದರು. 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕೊವ್, ಪಟ್ಟಿಯ ಗಾಳಿ ಇಳಿಯುವಾಗ ಸ್ಟೆತಸ್ಕೋಪಿನಲ್ಲಿ ಕೇಳುವ ಸದ್ದಿನಿಂದ ಎರಡೂ ಅಂಕೆಗಳನ್ನು ಗುರುತಿಸುವುದನ್ನು ತೋರಿಸಿಕೊಟ್ಟರು. ಹೃದಯ ಕುಗ್ಗಿ ರಕ್ತವನ್ನು ದೂಡುವಾಗಿನ ಒತ್ತಡ ಸಂಕೋಚನ ಒತ್ತಡ, ಅದು ಹಿಗ್ಗಿ ರಕ್ತ ತುಂಬಿಕೊಳ್ಳುವಾಗಿನದು ವ್ಯಾಕೋಚನ ಒತ್ತಡ. ಮೊದಲನೆಯದು 140 ಅಥವಾ ಎರಡನೆಯದು 90 ಮಿಲಿಮೀಟರನ್ನು ಮುಟ್ಟಿದರೆ, ಮತ್ತು ಬೇರೊಂದು ದಿನದ ಅಳತೆಯೂ ಅದನ್ನೇ ಹೇಳಿದರೆ, ಅದು ಅಧಿಕ ರಕ್ತದೊತ್ತಡ. ಗುಂಡಿ ಒತ್ತಿದರೆ ಅಂಕೆ ತೋರಿಸುವ ಡಿಜಿಟಲ್ ಯಂತ್ರ ಬಂದ ಮೇಲೆ ಈ ಅಳತೆ ವೈದ್ಯರ ಕೋಣೆಯಿಂದ ಹೊರಗೆ ನಡೆಯುವುದು ಸುಲಭವಾಯಿತು.

ಎರಡನೆಯ ಎಳೆ ಮನುಷ್ಯರದ್ದು. ಊರಿನ ಆರೋಗ್ಯದ ಹೊಣೆಯಲ್ಲಿ ಊರಿನವರೇ ಪಾಲು ಪಡೆಯಬೇಕೆಂಬ ಚಿಂತನೆ 1975ರ ಶ್ರೀವಾಸ್ತವ ಸಮಿತಿಯ ವರದಿಯಲ್ಲಿ ಸ್ಪಷ್ಟ ರೂಪ ಪಡೆದು, 1977ರ ಅಕ್ಟೋಬರ್ 2ರಂದು ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆಯಾಗಿ ದೇಶದಲ್ಲಿ ಜಾರಿಗೆ ಬಂತು. ಮರುವರ್ಷ ಅಲ್ಮಾ-ಆಟಾದಲ್ಲಿ ಸೇರಿದ ಜಾಗತಿಕ ಸಮ್ಮೇಳನ ಆರೋಗ್ಯವನ್ನು ಎಲ್ಲರ ಹಕ್ಕೆಂದು ಸಾರಿತು. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ, ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಸಂಗಡಿಗರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಜೇನುಕುರುಬರೇ ಮೊದಲಾದ ಆದಿವಾಸಿಗಳ ಹಾಡಿಗಳಿಗೆ ವೈದ್ಯಕೀಯ ಸೇವೆಯನ್ನು ಕೊಂಡೊಯ್ದಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ, ಸುಮಾರು ಸಾವಿರ ಜನಸಂಖ್ಯೆಗೆ ಅದೇ ಊರಿನ ಒಬ್ಬ ಮಹಿಳೆ ಎಂಬ ಲೆಕ್ಕದಲ್ಲಿ ಆಶಾ ಕಾರ್ಯಕರ್ತೆಯ ಪಾತ್ರ ರೂಪುಗೊಂಡಿತು.

ಆ ಮಹಿಳೆಗೆ ಮೊದಲು ಒಪ್ಪಿಸಿದ ಕೆಲಸ ಬಸುರಿ-ಬಾಣಂತಿಯರ ಮತ್ತು ಕೂಸುಗಳ ಆರೈಕೆ; ಹಳ್ಳಿಯ ಉಪಕೇಂದ್ರದಲ್ಲಿ ರಕ್ತದೊತ್ತಡದ ಪಟ್ಟಿಗೂ ಮುಖ್ಯವಾಗಿ ಗರ್ಭಿಣಿಯ ತೋಳೇ ಗೊತ್ತಿತ್ತು, ಏಕೆಂದರೆ ಬಸಿರಿನಲ್ಲಿ ಏರುವ ಒತ್ತಡ ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ಆ ಪಟ್ಟಿ ಗರ್ಭಿಣಿಯ ಅತ್ತೆ-ಮಾವಂದಿರ ತೋಳಿಗೂ ಬರಲು ಅಸಾಂಕ್ರಾಮಿಕ ಕಾಯಿಲೆಗಳನ್ನು, ಅಂದರೆ ಒಬ್ಬರಿಂದೊಬ್ಬರಿಗೆ ಹರಡದ ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್ ಮುಂತಾದವನ್ನು ಕುರಿತ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಆರಂಭವಾಗಬೇಕಾಯಿತು. ಕೆಲವು ವರ್ಷಗಳ ಬಳಿಕ ಮೂವತ್ತು ದಾಟಿದ ಎಲ್ಲರ ತಪಾಸಣೆ ಮೊದಲಾದಾಗ ಆಶಾ ಕೈಗೆ ಒಂದು ನಮೂನೆ ಬಂತು. ವಯಸ್ಸು, ಹೊಗೆಸೊಪ್ಪು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆತನದ ಕಾಯಿಲೆ ಇವುಗಳಿಗೆ ಅಂಕ ಕೊಟ್ಟು, ಮೊತ್ತ ನಾಲ್ಕನ್ನು ಮೀರಿದವರನ್ನು ಮೊದಲು ತಪಾಸಣೆಗೆ ಕರೆತರುವುದು ಆಕೆಯ ಹೊಣೆ. ಒತ್ತಡವನ್ನು ಅಳೆಯುವುದು ಉಪಕೇಂದ್ರದ ಆರೋಗ್ಯ ಸಿಬ್ಬಂದಿಯ ಕೆಲಸ. ವೈದ್ಯರು ಕಾಯಿಲೆಯನ್ನು ಖಚಿತಪಡಿಸಿದರೆ ಮಾತ್ರೆ.

ನಮೂನೆಯಲ್ಲಿರುವ ಪ್ರಶ್ನೆಗಳು ಈ ಸೀಮೆಯ ಬದುಕಿನ ಮರ್ಮಕ್ಕೇ ಕೈಯಿಡುತ್ತವೆ. ಹುಣಸೂರು, ಪಿರಿಯಾಪಟ್ಟಣದ ಸುತ್ತ ಹೊಗೆಸೊಪ್ಪು ಮನೆಯ ಸಾಲ ತೀರಿಸುವ ಬೆಳೆ. ಬ್ಯಾರನ್ನಿನಲ್ಲಿ ಎಲೆ ಹದಗೊಳ್ಳುವ ದಿನಗಳಲ್ಲಿ ರಾತ್ರಿಯಿಡೀ ಬೆಂಕಿ ಕಾಯಬೇಕಾಗುವುದರಿಂದ, ‘ನಾಳೆ ಆಸ್ಪತ್ರೆಗೆ ಬಾ’ ಎಂಬ ಮಾತು ಅಂಥ ಮನೆಯಲ್ಲಿ ನಿಲ್ಲುವುದು ಕಷ್ಟ. ನಾಲೆ ನೀರಿನ ಕೆ.ಆರ್. ನಗರದಲ್ಲಿ ಭತ್ತದ ನಾಟಿಗೂ ಕುಯಿಲಿಗೂ ಅದೇ ಮಾತು ಸಲ್ಲುತ್ತದೆ. ಇನ್ನು ಉಪ್ಪಿನ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ ಐದು ಗ್ರಾಂಗಿಂತ ಕಡಿಮೆ, ಹೆಚ್ಚು ಕಡಿಮೆ ಒಂದು ಚಹಾ ಚಮಚೆ. ಆದರೆ ಮುದ್ದೆಗೆ ಉಪ್ಸಾರು ಬಡಿಸುವ ಮನೆಯಲ್ಲಿ ಗ್ರಾಮಿನ ಲೆಕ್ಕ ಯಾರನ್ನೂ ತಲುಪದು. ಸಾರಿಗೆ ಎಷ್ಟು ಹಾಕಬೇಕು, ಉಪ್ಪಿನಕಾಯಿ ಹಪ್ಪಳವನ್ನು ಯಾವಾಗ ದೂರವಿಡಬೇಕು ಎಂಬುದನ್ನು ಅದೇ ಒಲೆಯಲ್ಲಿ ಅಡುಗೆ ಮಾಡಿ ಗೊತ್ತಿರುವ ಹೆಣ್ಣುಮಗಳು ಹೇಳಿದರೆ ಮಾತ್ರ ಮಾತು ನಾಟುತ್ತದೆ. ಆಶಾ ಕಾರ್ಯಕರ್ತೆಗೆ ಊರಿನವಳಾಗಿರುವುದೇ ಮೊದಲ ಅರ್ಹತೆ ಎಂಬ ನಿಯಮದ ಬೆಲೆ ತಿಳಿಯುವುದು ಇಲ್ಲಿ.

ಇಂಥ ಕಾರ್ಯಕರ್ತರಿಂದ ಒತ್ತಡ ನಿಜವಾಗಿ ಇಳಿಯುತ್ತದೆ ಎಂಬುದಕ್ಕೆ ನೆರೆಯ ದೇಶಗಳಲ್ಲಿ ಪುರಾವೆಯಿದೆ. ಬಾಂಗ್ಲಾದೇಶ, ಪಾಕಿಸ್ತಾನ ಮತ್ತು ಶ್ರೀಲಂಕಾದ 30 ಗ್ರಾಮೀಣ ಸಮುದಾಯಗಳಲ್ಲಿ 2,645 ಮಂದಿಯನ್ನು ಎರಡು ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರ್ಯಕರ್ತರು ಮನೆಗೆ ಹೋಗಿ ಒತ್ತಡ ಅಳೆದು ಸಲಹೆ ಕೊಟ್ಟು, ಅಗತ್ಯವಿದ್ದವರನ್ನು ತರಬೇತಿ ಪಡೆದ ವೈದ್ಯರ ಬಳಿಗೆ ಕಳಿಸಿದ ಕಡೆ ಸಂಕೋಚನ ಒತ್ತಡ ಉಳಿದೆಡೆಗಿಂತ ಸರಾಸರಿ ಐದು ಮಿಲಿಮೀಟರಿನಷ್ಟು ಹೆಚ್ಚು ಇಳಿದಿತ್ತು. ಕರ್ನಾಟಕ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಚಾಲನೆ ಕೊಟ್ಟ ‘ಗೃಹ ಆರೋಗ್ಯ’ ಯೋಜನೆ ತಪಾಸಣೆಯನ್ನೇ ಮನೆಗೆ ತಂದು ಈ ಹಾದಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು.

ಆದರೆ ಅಳತೆ ಚಿಕಿತ್ಸೆಯಲ್ಲ. ಮೈಗೆ ಏನೂ ಆಗಿಲ್ಲವೆಂದು ತೋರುವ ದಿನವೂ ಮಾತ್ರೆ ನುಂಗಬೇಕಾದ ಕಾಯಿಲೆ ಇದಾದ್ದರಿಂದ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ತಿಂಗಳು ಮಾತ್ರೆ ಸಿಗದೆ ಹೋದರೂ ಆಶಾ ಕಟ್ಟಿದ ನಂಬಿಕೆ ಸಡಿಲುತ್ತದೆ. ಅಂಥ ನಂಬಿಕೆ ಕಟ್ಟುವ ಆಕೆಗೆ ರಾಷ್ಟ್ರೀಯ ಮಾರ್ಗಸೂಚಿ ನಮೂನೆಯೊಂದಕ್ಕೆ ಗೊತ್ತುಮಾಡಿದ್ದು ಹತ್ತು ರೂಪಾಯಿ; ನಿಶ್ಚಿತ ಗೌರವಧನಕ್ಕಾಗಿ ರಾಜ್ಯದ ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತದ್ದು ಈ ಇತಿಹಾಸದ್ದೇ ಒಂದು ಅಧ್ಯಾಯ. ಸ್ವಯಂಸೇವೆ ಎಂಬ ಹೆಸರಿನಲ್ಲಿ ಆರಂಭವಾದದ್ದು ಇಂದು ಊರಿನ ಆರೋಗ್ಯವನ್ನು ಹೊತ್ತ ದುಡಿಮೆಯಾಗಿ ಬೆಳೆದಿದೆ. ಅದಕ್ಕೆ ತಕ್ಕ ಕೂಲಿ ಮತ್ತು ತಿಂಗಳು ತಪ್ಪದ ಮಾತ್ರೆ, ಇವೆರಡನ್ನೂ ಒದಗಿಸಿದಾಗಲೇ ಆಕೆ ತಟ್ಟಿದ ಬಾಗಿಲಿನೊಳಗಿನ ಜೀವ ಲಕ್ವದಿಂದ ಪಾರಾದೀತು.