ಬೋಲ್ಟ್ ಬಿಗಿಯಾಗಿದೆಯಾ? ಶಬ್ದ ಹೇಳುತ್ತೆ

ಸ್ಪ್ಯಾನರ್ ಇನ್ನು ತಿರುಗ್ತಿಲ್ಲ.
ಅಂದ್ರೆ ಬೋಲ್ಟ್ ಬಿಗಿಯಾಯ್ತಾ?
ಹಾಗಂತ ನಂಬಬೇಡಿ!

ವಿಜಯವಾಡದ ಗವರ್ನರ್‌ಪೇಟೆಯಿಂದ ಹೊರಟು ನಗರ ದಾಟಿದ್ರೆ
ಇಬ್ರಾಹಿಂಪಟ್ಟಣದ ಉಷ್ಣ ವಿದ್ಯುತ್ ಸ್ಥಾವರ.
ಇಂಥ ಕಡೆ ಟರ್ಬೈನಿನ ಬಿಸಿ ಹಬೆಯನ್ನ
ಹಿಡಿದಿಡೋದೇ ದಪ್ಪ ದಪ್ಪ ಬೋಲ್ಟುಗಳು.

ಆದ್ರೆ ನೋಡಿ,
ತಿರುಗಿಸೋ ಶ್ರಮದಲ್ಲಿ ನೂರಕ್ಕೆ ಸುಮಾರು 90 ಪಾಲು
ತಿಕ್ಕಾಟಕ್ಕೇ ಹೋಗುತ್ತೆ!
ಬೋಲ್ಟನ್ನ ಎಳೆಯೋದು ಬರೀ 10.
ಒಂಚೂರು ತುಕ್ಕು, ಒಂಚೂರು ಎಣ್ಣೆ,
ಲೆಕ್ಕವೇ ಬದಲು.

ಅದಕ್ಕೇ ಅಲ್ಟ್ರಾಸೌಂಡ್.
ಗೋಳಗುಮ್ಮಟದಲ್ಲಿ ಕೂಗಿದ್ರೆ ದನಿ ಮರಳುತ್ತಲ್ಲ?
ಹಾಗೇ, ಬೋಲ್ಟಿನ ತಲೆಯಿಂದ ಹೊರಟ ಶಬ್ದ
ತುದಿಗೆ ಬಡಿದು ವಾಪಸ್.

ಬಿಗಿದಾಗ ಬೋಲ್ಟ್
ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತೆ.
ಒಳಗೆ ಶಬ್ದದ ವೇಗವೂ ತಗ್ಗುತ್ತೆ.
ಮರಳೋಕೆ ಹೊತ್ತು ಜಾಸ್ತಿ.

ಬಿಗಿಯೋ ಮುಂಚೆ ಒಮ್ಮೆ, ಆಮೇಲೊಮ್ಮೆ ಅಳೀರಿ.
ಆ ವ್ಯತ್ಯಾಸದಲ್ಲೇ ಎಳೆತದ ಲೆಕ್ಕ.
ನೆನಪಿಡಿ, ಬೋಲ್ಟ್ ಬಿಸಿಯಿದ್ರೂ ಉದ್ದವಾಗುತ್ತೆ,
ಅದನ್ನ ಕಳೀಲೇಬೇಕು.