ಊರಿನ ಪುಡಿ, ನಗರದ ನೀರು: ಮನೆಯ ಕಾಫಿಯನ್ನು ಕುರಿತು

ಊರಿಗೆ ಹೋದ ಕನ್ನಡಿಗನು ಮುಂಬಯಿಗೋ ಹೈದರಾಬಾದಿಗೋ ಮರಳುವಾಗ ಅವನ ಗಂಟಿನಲ್ಲಿ ಕಾಫಿಪುಡಿಯ ಪೊಟ್ಟಣವೊಂದು ಇದ್ದೇ ಇರುತ್ತದೆ. ಊರಿನಲ್ಲಿ ಅದೇ ಪುಡಿಯ ಕಾಫಿಯನ್ನು ಹೊಗಳಿ ಕುಡಿದವರು, ಇಲ್ಲಿಗೆ ಬಂದು ವಾರ ಕಳೆಯುವುದರೊಳಗಾಗಿ ‘ಆ ರುಚಿ ಬರಲಿಲ್ಲ’ ಎಂದು ಲೋಟವನ್ನು ಕೆಳಗಿಡುತ್ತಾರೆ. ಅಪವಾದವು ಪುಡಿಯಂಗಡಿಯವನ ಮೇಲೆ, ಇಲ್ಲವೆ ಗೃಹಿಣಿಯ ಕೈಗುಣದ ಮೇಲೆ ಬೀಳುತ್ತದೆ. ಇವರಿಬ್ಬರೂ ಬಹುಮಟ್ಟಿಗೆ ನಿರಪರಾಧಿಗಳು. ಊರಿನಿಂದ ಬಂದುದು ಪುಡಿ ಮಾತ್ರ. ಊರಿನ ನೀರೂ ಹಾಲೂ ಅದರೊಡನೆ ಬರಲಿಲ್ಲ.

ಲೋಟದಲ್ಲಿ ಪುಡಿಯ ಪಾಲು ಎಷ್ಟು ಅಲ್ಪವೆಂಬುದನ್ನು ಮೊದಲು ನೋಡಬೇಕು. ಹುರಿದ ಬೀಜದಲ್ಲಿ ನೀರಿಗೆ ಕರಗತಕ್ಕ ಅಂಶ ನೂರಕ್ಕೆ ಸುಮಾರು 30 ಪಾಲು. ಅದರಲ್ಲಿಯೂ 18ರಿಂದ 22 ಪಾಲಿನಷ್ಟು ಇಳಿದು ಬಂದರೆ ರುಚಿ ಹದವಾಗಿರುತ್ತದೆ. ಅದಕ್ಕೆ ಕಡಿಮೆಯಾದರೆ ಕಾಫಿಯು ಹುಳಿಯಾಗಿ ತೆಳ್ಳಗಿರುತ್ತದೆ. ಮೀರಿದರೆ ಕಹಿಯೂ ಒಗರೂ ಮುಂದಾಗುತ್ತವೆ. ಹುಳಿ ಮತ್ತು ಪರಿಮಳದ ದ್ರವ್ಯಗಳು ಮೊದಲು ಇಳಿಯುತ್ತವೆ, ಒಗರು ಕಡೆಯಲ್ಲಿ. ಎರಡನೆಯ ಸಲ ನೀರು ಹೊಯ್ದು ತೆಗೆದ ಡಿಕಾಕ್ಷನ್ನು ಬಣ್ಣವುಳ್ಳದ್ದಾದರೂ ಗುಣದಲ್ಲಿ ಹೀನವಾಗಿರುವುದು ಈ ಕಾರಣದಿಂದಲೇ. ಅದನ್ನು ಮೊದಲನೆಯದರೊಡನೆ ಬೆರೆಸುವುದು ಬಡ್ಡಿಯ ಆಸೆಗೆ ಅಸಲನ್ನು ಕೆಡಿಸಿಕೊಂಡಂತೆ.

ಇನ್ನು ನೀರಿನ ವಿಚಾರ. ಮುಂಬಯಿ ನಗರಕ್ಕೆ ತಾನ್ಸಾ, ವೈತರಣಾ, ಭಾತ್ಸಾ ಜಲಾಶಯಗಳಲ್ಲಿ ನಿಂತ ಮಳೆಯ ನೀರು ಬರುವುದರಿಂದ ಅದು ಮೆದುವಾದುದು. ಹೈದರಾಬಾದು, ಚೆನ್ನೈ, ದೆಹಲಿಗಳಲ್ಲಿ ಕೊಳವೆಬಾವಿಯನ್ನು ನಂಬಿದ ಬಡಾವಣೆಗಳಲ್ಲಿ ನೀರು ಅನೇಕ ಕಡೆ ಗಡಸು. ಅಂತಹ ನೀರಿನ ಬೈಕಾರ್ಬೊನೇಟು ಲವಣಗಳು ಕಾಫಿಯ ಸಹಜವಾದ ಹುಳಿಯನ್ನು ಮುರಿಯುತ್ತವೆ. ಹುಳಿ ಮುರಿದ ಕಾಫಿಯು ಚಪ್ಪೆಯಾಗಿ, ಕಹಿಯೊಂದೇ ನಾಲಿಗೆಗೆ ನಿಲ್ಲುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುತ್ತಿದ್ದರೆ ಬೇರೆ ಪರೀಕ್ಷೆ ಬೇಕಿಲ್ಲ. ನೀರನ್ನು ಮೊದಲೇ ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಂಡು ಮತ್ತೆ ಕಾಯಿಸಿದರೆ ಈ ಲವಣಗಳ ಬಹುಭಾಗ ತಳದಲ್ಲಿಯೇ ಉಳಿಯುತ್ತದೆ. ಹಾಗೆಂದು ಲವಣವೇ ಇಲ್ಲದಂತೆ ಶುದ್ಧಿಮಾಡಿದ ನೀರು ಉತ್ತಮವೆಂದಲ್ಲ; ಕಾಫಿಯ ಸಾರವನ್ನು ಎಳೆದುಕೊಳ್ಳಲು ನೀರಿನಲ್ಲಿ ಸ್ವಲ್ಪ ಸುಣ್ಣ, ಮೆಗ್ನೀಸಿಯಂಗಳು ಇರಲೇಬೇಕು.

ಶಾಖದ ವಿಷಯದಲ್ಲಿಯೂ ಸ್ಥಳಭೇದವುಂಟು. ಪುಡಿಯ ಮೇಲೆ ಬೀಳುವ ನೀರು 92ರಿಂದ 96 ಡಿಗ್ರಿ ಸೆಲ್ಸಿಯಸ್ ಇರುವುದು ಒಳ್ಳೆಯದು. ಸಮುದ್ರಮಟ್ಟದಿಂದ 900 ಮೀಟರು ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುವುದರಿಂದ, ಒಲೆಯಿಂದ ಇಳಿಸಿದೊಡನೆ ಹೊಯ್ದರೂ ಬಾಧಕವಿಲ್ಲ. ಕಡಲತಡಿಯ ಮುಂಬಯಿ, ಚೆನ್ನೈಗಳಲ್ಲಿ ಅದೇ ನೀರು 100 ಡಿಗ್ರಿ. ಅರ್ಧ ನಿಮಿಷ ತಾಳಿ ಹೊಯ್ದರೆ ಸಾಕು. ಊರಿನ ಅಭ್ಯಾಸದ ಕೈಗೆ ಆ ಅರ್ಧ ನಿಮಿಷವೇ ಕಷ್ಟ.

ಹಾಲಿನ ಭೇದ ಇನ್ನೂ ಸ್ಪಷ್ಟವಾದುದು. ಹಸುವಿನ ಹಾಲಿನಲ್ಲಿ ಕೊಬ್ಬು ನೂರಕ್ಕೆ ಸುಮಾರು 4 ಪಾಲಾದರೆ, ಮುಂಬಯಿಯ ತಬೇಲಾಗಳ ಎಮ್ಮೆಯ ಹಾಲಿನಲ್ಲಿ 6ರಿಂದ 8 ಪಾಲು. ದಪ್ಪ ಹಾಲು ಕಾಫಿಗೆ ಮೇಲೆಂಬುದು ಜನಪ್ರಿಯವಾದ ಭ್ರಮೆ. ಆ ಕೊಬ್ಬು ಪರಿಮಳವನ್ನು ಮುಚ್ಚುತ್ತದೆ. ಎಮ್ಮೆಯ ಹಾಲನ್ನೇ ಬಳಸುವವರು ಹಾಲಿನ ಪ್ರಮಾಣವನ್ನು ತಗ್ಗಿಸಬೇಕು. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಪಾಲು ಮಾತ್ರವಾದುದರಿಂದ ಅದು ಹಸುವಿನ ಹಾಲಿಗೆ ಹೆಚ್ಚು ಸಮೀಪ.

ಪುಡಿಯಲ್ಲಿ ಗಮನಿಸಬೇಕಾದುದು ಚಿಕೋರಿ. ಇದು ಹುರಿದ ಗಡ್ಡೆಬೇರು. ಇದರಲ್ಲಿ ಕೆಫೀನಿನ ಅಂಶವಿಲ್ಲ. 1806ರಿಂದ ನೆಪೋಲಿಯನ್ನನ ದಿಗ್ಬಂಧನದ ಕಾಲದಲ್ಲಿ ಯೂರೋಪಿನ ಜನ ಕಾಫಿಯ ಅಭಾವದಿಂದ ಇದನ್ನು ಹೆಚ್ಚಾಗಿ ಬಳಸತೊಡಗಿದರು. ಅಭಾವ ತೀರಿದರೂ ಅಭ್ಯಾಸ ತೀರಲಿಲ್ಲ. ಚಿಕೋರಿಯ ಅರ್ಧಕ್ಕಿಂತ ಹೆಚ್ಚು ಭಾಗ ನೀರಿನಲ್ಲಿ ಕರಗುವುದರಿಂದ ಡಿಕಾಕ್ಷನ್ನು ಕಪ್ಪಾಗಿ ಮಂದವಾಗಿ ಇಳಿಯುತ್ತದೆ, ನೋಡುವವನು ‘ಗಟ್ಟಿ’ ಎಂದು ಮೆಚ್ಚುತ್ತಾನೆ. ಭಾರತದ ಆಹಾರ ನಿಯಮಗಳ ಮೇರೆಗೆ ಮಿಶ್ರಪುಡಿಯಲ್ಲಿ ಕಾಫಿಯು 51 ಪಾಲಿಗೆ ಕಡಿಮೆಯಿರಕೂಡದು. ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸತಕ್ಕದ್ದು. ಅದನ್ನು ಓದದೆ ಕೊಳ್ಳುವವನು ಬೇರಿಗೂ ಬೀಜದ ಬೆಲೆಯನ್ನು ತೆರುವ ಸಂಭವವುಂಟು. ಹಾಲಿನ ಕಾಫಿಗೆ 10ರಿಂದ 20 ಪಾಲು ಚಿಕೋರಿಯಿದ್ದರೆ ಮೈಗೂಡಿಸುವುದು ನಿಜ; ಅದರಾಚೆಗೆ ಬೀಜದ ಗುಣವನ್ನು ಹುಡುಕುವುದು ವ್ಯರ್ಥ.

ಮೂರು ಲೋಟಕ್ಕೆ 40 ಗ್ರಾಂ ಪುಡಿ, 200 ಮಿಲಿಲೀಟರು ನೀರು ಒಳ್ಳೆಯ ಅಳತೆ. ಪುಡಿಯು ತನ್ನ ತೂಕದ ಇಮ್ಮಡಿಯಷ್ಟು ನೀರನ್ನು ಹೀರಿಟ್ಟುಕೊಳ್ಳುವುದರಿಂದ ಕೆಳಗಿಳಿಯುವುದು ಸುಮಾರು 120. ಫಿಲ್ಟರಿನ ಮೇಲುಪಾತ್ರೆಯಲ್ಲಿ ಪುಡಿಯನ್ನು ಸಮಮಾಡಿ, ಒತ್ತುತಟ್ಟೆಯನ್ನು ಹಗುರವಾಗಿ ಇಡಬೇಕು. ಬಿಗಿಯಾಗಿ ಅದುಮಿದರೆ ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ. ಮೊದಲು ಪುಡಿ ನೆನೆಯುವಷ್ಟೇ ನೀರು ಹಾಕಿ ಅರ್ಧ ನಿಮಿಷ ಬಿಡಬೇಕು. ಹೊಸ ಪುಡಿಯಾದರೆ ಗುಳ್ಳೆಯೆದ್ದು ಉಬ್ಬುತ್ತದೆ. ಹುರಿದಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲಾಮ್ಲ ವಾಯು ಹೊರಡುವ ಗುರುತು ಅದು.

ಉಬ್ಬದಿದ್ದರೆ ಪುಡಿ ಹಳತಾಗಿದೆ, ಮತ್ತು ಊರಿನಿಂದ ಬಂದ ಪೊಟ್ಟಣದ ಮುಖ್ಯವಾದ ದೋಷ ಇದೇ. ಪುಡಿಯಾದ ಕಾಫಿಯ ಪರಿಮಳ ಕೆಲವು ದಿನಗಳಲ್ಲಿಯೇ ಕುಂದತೊಡಗುತ್ತದೆ, ಹುರಿದ ಇಡೀ ಬೀಜ ಕೆಲವು ವಾರ ತಾಳುತ್ತದೆ, ಹಸಿಬೀಜವಂತೂ ತಿಂಗಳುಗಟ್ಟಲೆ. ಹಿಂದೆ ಅನೇಕ ಮನೆಗಳಲ್ಲಿ ಹಸಿಬೀಜವನ್ನು ತಂದಿಟ್ಟು, ಬೇಕಾದಷ್ಟನ್ನೇ ಬಾಣಲೆಯಲ್ಲಿ ಹುರಿದು, ಹಲಗೆಯ ಅಂಚಿಗೆ ಬಿಗಿದ ಕೈಯಂತ್ರದಲ್ಲಿ ಬೀಸಿಕೊಳ್ಳುತ್ತಿದ್ದರು. ಹುರಿದಾಗ ತೂಕವು ನೂರಕ್ಕೆ 15 ಪಾಲಿಗೂ ಮಿಕ್ಕಿ ಇಳಿಯುತ್ತಿತ್ತಾದರೂ ಆ ನಷ್ಟವನ್ನು ಯಾರೂ ಎಣಿಸುತ್ತಿರಲಿಲ್ಲ. ಚಿಕ್ಕಮಗಳೂರಿನಿಂದಲೋ ಮಡಿಕೇರಿಯಿಂದಲೋ ಹೊರಡುವವರು ಎರಡು ಕಿಲೋ ಪುಡಿಯ ಬದಲು ಒಂದು ಕಿಲೋ ಹುರಿದ ಬೀಜವನ್ನು ಕಟ್ಟಿಸಿಕೊಂಡು, ದಿನದ ಪುಡಿಯನ್ನು ದಿನವೇ ಬೀಸಿಕೊಳ್ಳಬಹುದು. ಇಳಿದ ಡಿಕಾಕ್ಷನ್ನು ಆರಿದ್ದರೆ ಅದನ್ನು ನೇರವಾಗಿ ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಬೆಚ್ಚಗೆ ಮಾಡಿ, ಆಗತಾನೆ ಕಾದ ಹಾಲಿಗೆ ಬೆರೆಸತಕ್ಕದ್ದು.